ಮೊದಲು ನೀನೇ

ಹಿರಿಯ ಸಹೋದ್ಯೋಗಿ ಮೇಜಿನ ಮೇಲೆ ನಕ್ಷೆ ಹರಡಿ ವಿಜಯಪುರದ ಆಚೆ ಬೆರಳಿಟ್ಟಾಗ ಶಾಂಭವಿ ಬಗ್ಗಿ ನೋಡಿದಳು. ವೈನ್ ರುಚಿ ನೋಡಿ ಅಂಕ ಕೊಡುವುದೇ ಅವರಿಬ್ಬರ ವೃತ್ತಿ.

"ಈ ಸಲ ನಂದಿ ಬೆಟ್ಟದ ಕಡೆ ಬೇಡಮ್ಮ, ಕಾಲಿಡೋಕೆ ಜಾಗ ಇರಲ್ಲ. ಇಲ್ಲಿ ವೈನ್ ಮಾಡೋ ಐದು ದ್ರಾಕ್ಷಿ ತೋಟ ಇವೆ, ಯಾರೂ ಹೋಗಲ್ಲ. ಕಾರಲ್ಲಿ ನಾವಿಬ್ಬರೇ ಒಂದು ಸುತ್ತು ಹಾಕ್ಕೊಂಡು ಬರೋಣ."

"ಇಬ್ಬರೇನಾ ಸರ್? ಬೇರೆ ತೀರ್ಪುಗಾರರು?"

"ಯಾಕೆ, ನಾವು ಸಾಲದಾ?"

ಎರಡು ವರ್ಷದ ಹಿಂದೆ ಬಂದ ಜ್ವರ ಅವಳ ಮೂಗು, ನಾಲಿಗೆ ಎರಡನ್ನೂ ಕೊಂದುಹಾಕಿತ್ತು. ಅಂದಿನಿಂದ ಅವಳು ಲೋಟ ಮೂಸಿ, ಕಣ್ಣು ಮುಚ್ಚಿ, ಒಮ್ಮೆ ಮುಖ ಅರಳಿಸಿ ಒಮ್ಮೆ ಕಿವಿಚಿ ನಾಟಕವಾಡುತ್ತಿದ್ದಳು. ಆಮೇಲೆ ಪಕ್ಕದಲ್ಲಿ ಕೂತ ಹಿರಿಯರ ಹಾಳೆಯನ್ನು ಓರೆಗಣ್ಣಿನಿಂದ ನೋಡಿ ಅವರು ಹಾಕಿದ ಅಂಕಗಳನ್ನೇ ಬರೆದುಕೊಳ್ಳುತ್ತಿದ್ದಳು. ಹತ್ತಾರು ತೀರ್ಪುಗಾರರ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಬ್ಬರೇ ಎದುರುಬದುರು ಕೂತರೆ ಕದ್ದು ನೋಡುವುದೆಂತು?

"ಸರ್, ಅಲ್ಲಿ ಮೊದಲು ನೀವೇ ರುಚಿ ನೋಡಿ ಹೇಳಿಬಿಡಿ. ನಾನು ಆಮೇಲೆ."

"ಅದಾಗಲ್ಲ. ಮೊದಲು ನೀನೇ."

"ಯಾಕೆ ಸರ್?" ಸಿಕ್ಕಿಬಿದ್ದೆ ಎಂದುಕೊಂಡಳು.

ಹಿರಿಯರು ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು.

"ಯಾರಿಗೂ ಹೇಳಬೇಡ. ನನ್ನ ನಾಲಿಗೆ ಸತ್ತು ಮೂರು ವರ್ಷ ಆಯ್ತು. ಅವತ್ತಿಂದ ನಿನ್ನ ಮುಖ ನೋಡ್ಕೊಂಡೇ ಅಂಕ ಹಾಕ್ತಾ ಬಂದಿದ್ದೀನಿ ಕಣಮ್ಮ."