ಬೆನ್ನು ಬಗ್ಗಿದ ಮಣ್ಣೆತ್ತು

ಕೋಡು ಮುರಿಯಬಹುದಿತ್ತು, ಕಾಲು ಬಿರಿಯಬಹುದಿತ್ತು, ಬೆಕ್ಕು ಕೆಡವಬಹುದಿತ್ತು. ಹಸಿ ಎರೆಮಣ್ಣಿನ ವಾಸನೆ ಬಂದರೆ ಇಂದಿಗೂ ನನಗೆ ಮೊದಲು ನೆನಪಾಗುವುದು ಈ ಚಿಂತೆಗಳೇ.

ಧಾರವಾಡದಿಂದ ಚಕ್ಕಡಿಯಲ್ಲಿ ಅಮ್ಮಿನಬಾವಿಯ ಅಜ್ಜನ ಮನೆಗೆ ಹೋದವಳು, ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಮಣ್ಣಿನಲ್ಲಿ ಮಾಡಿದ ಎತ್ತಿನ ಜೋಡಿಯನ್ನೇ ಪೂಜಿಸಬೇಕೆಂದು ಹಟ ಹಿಡಿದಿದ್ದೆ. ಒಣಗುವಷ್ಟರಲ್ಲಿ ಒಂದರ ಬೆನ್ನು ಕುಸಿದು ಜೋಲಿಯಂತಾಯಿತು.

"ಒಂದು ಎತ್ತು, ಒಂದು ನಾಯಿ. ಛಲೋ ಜೋಡಿ ಆತು ಬಿಡು," ಎಂದ ಅಣ್ಣ. "ಅಜ್ಜಾ, ಕುಂಬಾರರ ಎತ್ತು ತರೂಣೇನು?"

ನಾನು ಅಳುವುದರಲ್ಲಿದ್ದೆ. ಅಜ್ಜ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ನಾಯಿ ಅಲ್ಲೋ. ಹ್ವಾದ ವರ್ಷ ಸತ್ತ ನಮ್ಮ ಕೆಂಚ್ಯಾ ಇದು. ನೊಗಾ ಹೊತ್ತು ಹೊತ್ತು ಅದರ ಬೆನ್ನೂ ಹಿಂಗ ಬಗ್ಗಿತ್ತು. ತಂಗಿ, ದೇವರ ಜಗಲಿ ಮ್ಯಾಲ ಇದನ್ನ ಮೊದಲ ಇಡು."

ಹಾಗೆನ್ನುತ್ತ, ಕೆಂಚ್ಯಾನಿಗೆ ಮಾಡುತ್ತಿದ್ದ ಹಳೆಯ ರೂಢಿಯಂತೆ, ಅದರ ಬೆನ್ನು ಚಪ್ಪರಿಸಿದ. ಬಾಲ ಉದುರಿತು. ಬಾಲದ ಚಿಂತೆಯನ್ನು ನಾನು ಮಾಡಿಯೇ ಇರಲಿಲ್ಲ.