ಬೆಟ್ಟ ಹೊರುವ ಲಾರಿ

ನನ್ನಂಥ ಡ್ರೈವರ್ ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ಲೈಸೆನ್ಸ್ ಸಿಕ್ಕ ಮರುದಿನವೇ ಬೆಟ್ಟ ಸಾಗಿಸುವ ಎರಡು ಕಂಪನಿಗಳು ನನಗಾಗಿ ಕಿತ್ತಾಡಿದವು. ಒಂದರಲ್ಲಿ ಸಂಬಳ ದುಪ್ಪಟ್ಟು. ಅವರು ಬೆಟ್ಟವನ್ನು ಹೋಳು ಮಾಡಿ ಒಯ್ಯುತ್ತಿದ್ದರು. ಇನ್ನೊಂದು ಕಂಪನಿ ಇಡೀ ಬೆಟ್ಟವನ್ನೇ ಒಯ್ಯುತ್ತಿತ್ತು. ಅಲ್ಲಿಯ ಹಿರಿಯ ಡ್ರೈವರ್ ದ್ಯಾಮವ್ವ, ಬೆಟ್ಟ ಹೇರಿಕೊಂಡು ರಾಯಚೂರಿಗೆ ಹೊರಟಿದ್ದ ಲಾರಿಯ ಸ್ಟೇರಿಂಗನ್ನು ಪರೀಕ್ಷೆಗೆಂದು ನನ್ನ ಕೈಗೆ ಕೊಟ್ಟಳು.

"ಬ್ರೇಕ್ ಮೆಲ್ಲಕ ಒತ್ತೋ ತಮ್ಮಾ. ಮ್ಯಾಲ ನವಿಲು ಕಾವಿಗೆ ಕುಂತಾವ."

"ನಾ ಒತ್ತಿದ್ರ ಹಳ್ಳದ ನೀರೂ ತುಳುಕೂದಿಲ್ಲಕ್ಕಾ."

"ಬಾಯಿ ಸಾಕು, ಕನ್ನಡಿ ನೋಡು."

ಕನ್ನಡಿಯ ತುಂಬ ಕಾಡಿತ್ತು. ಕಾಡಿನ ಮೇಲೊಂದು ಮೋಡ ನಮ್ಮ ವೇಗಕ್ಕೆ ಸರಿಯಾಗಿ ಬರುತ್ತಿತ್ತು. ಬ್ರೇಕ್ ಒತ್ತಿದೆ. ಮೋಡವೂ ನಿಂತಿತು.

"ಅದನ್ನೂ ಒಯ್ಯೂದೇನಕ್ಕಾ?"

"ಅದು ಬೆಟ್ಟದ ಬೆನ್ನು ಬಿಡೂದಿಲ್ಲ, ತಾನಾ ಬರ್ತೈತಿ. ನೀ ಇಳೀತಿಯೋ, ಒಯ್ತಿಯೋ?"

ದುಪ್ಪಟ್ಟು ಸಂಬಳದ ಆಸೆ ಅಲ್ಲೇ ಬಿಟ್ಟೆ. ಗೇರ್ ಹಾಕಿದೆ.