ಮೆತ್ತಗಾದ ರೊಟ್ಟಿ

ಡಾಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ... "ಈ ಧೂಳಿನಲ್ಲಿ ನಿಮ್ಮ ಮಗಳ ಉಬ್ಬಸ ಕಡಿಮೆಯಾಗೋದು ಕಷ್ಟ. ಸಾಧ್ಯವಾದ್ರೆ ಊರು ಬದಲಾಯಿಸಿ ನೋಡಿ."

ಹುಲಿಗೆಮ್ಮ ಮಗಳ ಕೈ ಹಿಡಿದು ಹೊರಗೆ ಬಂದಳು. ರಸ್ತೆ ತುಂಬ ಅದಿರು ಲಾರಿಗಳು... ಅದರ ಧೂಳಿಗೆ ಬೇವಿನ ಮರದ ಎಲೆಗಳೂ ಕೆಂಪಾಗಿದ್ದವು.

ಹೊಸಪೇಟೆ ಕಡೆಯ ಆ ಊರಿನಲ್ಲಿ ಹುಲಿಗೆಮ್ಮನ ಖಡಕ್ ರೊಟ್ಟಿಗೆ ಒಳ್ಳೆಯ ಹೆಸರಿತ್ತು. ಮೂವರು ಹೆಂಗಸರು ಅವಳ ಜೊತೆ ಕೂತು ಬಡಿಯುತ್ತಿದ್ದರು. ಎಷ್ಟು ದಿನ ಇಟ್ಟರೂ ಮುರಿದರೆ ಟಪ್ ಅನ್ನುವಂಥ ರೊಟ್ಟಿ.

ಗಂಡ ಪಂಪಾಪತಿ ಟೆಂಪೊ ಡ್ರೈವರ್. ಅವನಿಗೆ ಚಿಂತೆಯೇ ಇಲ್ಲ.

"ಚಿಕ್ಕಮಗಳೂರಾಗ ನಿನ್ನ ತಮ್ಮ ಅದಾನಲ್ಲ, ಅಲ್ಲಿಗೇ ಹೋಗೂಣು. ಸ್ಟೇರಿಂಗ್ ಎಲ್ಲಿದ್ರೂ ದುಂಡಗ ಇರ್ತೈತಿ!"

"ನಿಂದೇನೋ ಸ್ಟೇರಿಂಗು... ನಂದು ರೊಟ್ಟಿ. ಆ ಬೆಟ್ಟದ ಥಂಡಿಗೆ ಖಡಕ್ ಎಲ್ಲಿ ಉಳಿತೈತಿ?"

ಅವನ ಟೆಂಪೊಗೆ ಬಾಡಿಗೆ ಸಿಕ್ಕ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಮನೆ ನಡೆಯುತ್ತಿದ್ದದ್ದು ರೊಟ್ಟಿಯಿಂದಲೇ.

ಜೊತೆಯಲ್ಲಿ ರೊಟ್ಟಿ ಬಡಿಯುವ ದುರುಗವ್ವನಂತೂ ಸುದ್ದಿ ಕೇಳಿ ಕಿಡಿಕಿಡಿಯಾದಳು. "ಕೆಮ್ಮು ಯಾವ ಮಕ್ಕಳಿಗಿಲ್ಲ? ಅಷ್ಟಕ್ಕ ಊರು ಬಿಡ್ತಾರೇನು? ನೀ ಹೋದ್ರ ನಾವು ಗಾಳಿ ಬಡೀಬೇಕೇನು?"

ಆಮೇಲೆ ಸ್ವಲ್ಪ ತಣ್ಣಗಾಗಿ ಹೇಳಿದಳು, "ನಿನ್ನ ಸಿಂಚನಾ ಬಂಗಾರದಂಥಾ ಹುಡುಗಿ. ಹಠ ಇಲ್ಲ, ಗದ್ದಲ ಇಲ್ಲ, ಮಾತಂತೂ ಇಲ್ಲೇ ಇಲ್ಲ. ಅಂಥಾಕಿಗೆ ಏನಾಗೈತಿ?"

ಅದು ನಿಜ. ಐದನೇ ಕ್ಲಾಸಿನ ಸಿಂಚನಾ ಏನು ಕೇಳಿದರೂ ತಲೆಯಾಡಿಸುವಳು. ತೀರಾ ಬೇಕಾದರೆ ಒಂದು ಶಬ್ದ... "ಹೂಂ." "ಬ್ಯಾಡ." ಅಷ್ಟೇ.

"ನಮ್ಮವ್ವನ ಹಂಗ ಗಂಭೀರ," ಅಂತ ಹುಲಿಗೆಮ್ಮ ಹತ್ತು ಜನರ ಮುಂದೆ ಹೆಮ್ಮೆಪಡುತ್ತಿದ್ದಳು.

ದಸರಾ ರಜೆ ಬಂತು. ಹೋಗಿ ನೋಡೋಣ ಅಂತ ಮಗಳನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೊರಟಳು. ಜೊತೆಗೆ ಒಂದು ಬುಟ್ಟಿ ರೊಟ್ಟಿ... ತಿನ್ನಲು ಅಲ್ಲ, ಪರೀಕ್ಷೆ ಮಾಡಲು.

ತಮ್ಮ ಕನಕಪ್ಪ ಅಲ್ಲಿ ಟೈಲ್ಸ್ ಹಾಕುವ ಕೆಲಸ ಮಾಡುತ್ತಿದ್ದ. ಅವನ ಬಾಡಿಗೆ ಮನೆಯ ಅಟ್ಟದ ಮೇಲೆ ಬುಟ್ಟಿ ಇಟ್ಟಳು. ಮೇಲೆ ಬಟ್ಟೆ ಮುಚ್ಚಿ, ಕಾಗದ ಹೊದಿಸಿ, ತನಗೆ ತಿಳಿದದ್ದೆಲ್ಲ ಮಾಡಿದಳು.

ನಾಲ್ಕೈದು ದಿನ ಕಳೆದವು. ಒಂದು ಬೆಳಿಗ್ಗೆ ಎದ್ದು ಬುಟ್ಟಿ ಇಳಿಸಿದಳು. ಹೊರಗೆ ಮಂಜು... ಎದುರಿನ ಬೆಟ್ಟವೇ ಕಾಣುತ್ತಿರಲಿಲ್ಲ.

ರೊಟ್ಟಿ ತೆಗೆದು ಮುರಿಯಲು ನೋಡಿದಳು. ಅದು ಮುರಿಯಲಿಲ್ಲ. ಬಟ್ಟೆಯಂತೆ ಬಾಗಿತು.

ಇನ್ನೊಂದು ತೆಗೆದಳು. ಅದೂ ಹಾಗೇ. ಬುಟ್ಟಿಯ ತಳದವರೆಗೂ ಒಂದೂ ಟಪ್ ಅನ್ನಲಿಲ್ಲ.

ಮುಗಿಯಿತು... ಈ ಊರು ನಮಗಲ್ಲ. ಗುಳಿಗೆ, ಉಬ್ಬಸಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಪಂಪು ಇದ್ದೇ ಇವೆ. ಹೇಗೋ ಸಂಭಾಳಿಸಿದರಾಯಿತು ಅಂದುಕೊಂಡಳು. ಒಳಗೊಳಗೆ ಸಮಾಧಾನವೂ ಆಯಿತು.

ಅಷ್ಟರಲ್ಲಿ ಓಣಿಯಿಂದ ಒಂದು ಹುಡುಗಿಯ ದನಿ ಕೇಳಿಸಿತು. ಆಟದಲ್ಲಿ ಯಾರೋ ಮೋಸ ಮಾಡಿದ್ದರು. ಅವಳು ಬಿಡುವಿಲ್ಲದೆ ಬೈಯುತ್ತಿದ್ದಳು, ಮಧ್ಯೆ ಮಧ್ಯೆ ನಗುತ್ತಿದ್ದಳು, ಮತ್ತೆ ಬೈಯುತ್ತಿದ್ದಳು.

ಹುಲಿಗೆಮ್ಮನಿಗೆ ರೇಗಿತು. "ಯಾರ ಮನಿ ಹುಡುಗಿನೋ ಕನಕಪ್ಪಾ! ಮುಂಜಾನೆದ್ದು ಹಿಂಗ ವಟವಟ ಅಂತಾಳ..."

ಕನಕಪ್ಪ ಚಹಾದ ಲೋಟ ಕೆಳಗಿಟ್ಟು ಅವಳ ಮುಖ ನೋಡಿದ.

"ಯಕ್ಕಾ... ಅದು ನಿನ್ನ ಮಗಳ ದನಿ."

ಹುಲಿಗೆಮ್ಮ ಬಾಗಿಲಿಗೆ ಓಡಿದಳು. ಸಿಂಚನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಾಯಿ ನಿಲ್ಲುತ್ತಲೇ ಇರಲಿಲ್ಲ.

ಹೆತ್ತ ತಾಯಿಗೆ ಮಗಳ ದನಿಯ ಗುರುತು ಸಿಕ್ಕಿರಲಿಲ್ಲ... ಅಷ್ಟುದ್ದದ ಮಾತನ್ನು ಆ ದನಿಯಲ್ಲಿ ಅವಳು ಯಾವತ್ತೂ ಕೇಳಿರಲೇ ಇಲ್ಲ.

ಒಳಗೆ ಕರೆದು ಕೂರಿಸಿಕೊಂಡಳು. "ಊರಾಗ ಯಾಕವ್ವಾ ಹಿಂಗ ಮಾತಾಡಂಗಿಲ್ಲ ನೀನು?"

"ಮಾತಾಡಿದ್ರ ಎದಿ ಬಿಗೀತೈತಲ್ಲ ಯವ್ವಾ. ಆಮ್ಯಾಲ ಸಾಲಿಗೆ ನಡಕೊಂತ ಹೋಗಾಕ ಉಸಿರು ಸಾಲಂಗಿಲ್ಲ."

"ನನಗ್ಯಾಕ ಹೇಳಲಿಲ್ಲ?"

ಹುಡುಗಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಎಲ್ಲಾರಿಗೂ ಹಂಗ ಆಗ್ತೈತಿ ಅಂತ ತಿಳಕೊಂಡಿದ್ದೆ..."

ಹುಲಿಗೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಾನು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದು ಮಗಳ ಗುಣವನ್ನಲ್ಲ... ಮಗಳ ಕಾಯಿಲೆಯನ್ನು.

ಇಲ್ಲಿಗೇ ಬಂದುಬಿಡಲೇ ಅಂತ ಕೇಳಿದಾಗ ಕನಕಪ್ಪ ಮುಚ್ಚುಮರೆ ಮಾಡಲಿಲ್ಲ. "ನೋಡಕ್ಕಾ, ಮಳಿಗಾಲದಾಗ ಹೆಂಗೋ ಗೊತ್ತಿಲ್ಲ. ಕೆಲವರಿಗೆ ಥಂಡಿಗೂ ಉಬ್ಬಸ ಬರ್ತೈತಿ. ಬಾಡಿಗಿನೂ ಜಾಸ್ತಿ. ಆಮ್ಯಾಲ ನನ್ನ ಬೈಬ್ಯಾಡ."

ವಾಪಸ್ ಹೋಗುವಾಗ ಬಸ್ಸಿನಲ್ಲಿ ಸಿಂಚನಾ ಆಟದ ಕಥೆ ಶುರು ಮಾಡಿದಳು. ಕಡೂರು ದಾಟಿತು, ಚಿತ್ರದುರ್ಗ ದಾಟಿತು, ಕಥೆ ಮುಗಿಯಲಿಲ್ಲ.

ಊರು ಹತ್ತಿರವಾಯಿತು. ಕಿಟಕಿಯಿಂದ ಧೂಳು ಬರತೊಡಗಿತು. ಮಾತು ತುಂಡಾಯಿತು... ಆಮೇಲೆ ಒಂದೊಂದೇ ಶಬ್ದ...

"ಆಮ್ಯಾಲ ಆ ಹುಡುಗ ಏನಂದ?" ಅಂತ ಹುಲಿಗೆಮ್ಮನೇ ಕೇಳಿದಳು.

ಸಿಂಚನಾ ಸುಮ್ಮನೆ ತಲೆಯಾಡಿಸಿದಳು.

ಮರುದಿನ ದುರುಗವ್ವ ಬಂದವಳೇ ಕೇಳಿದಳು, "ರೊಟ್ಟಿ ಏನಾದ್ವು?"

"ಎಲ್ಲಾ ಮೆತ್ತಗಾದ್ವು."

"ನಾ ಹೇಳಿರಲಿಲ್ಲೇನು! ಹಂಗಾದ್ರ ಹೋಗಂಗಿಲ್ಲ."

"ಹೋಗ್ತೀನಿ. ಒಲಿ, ಹಂಚು, ಗಿರಾಕಿ ಎಲ್ಲಾ ನಿಮಗ ಬಿಟ್ಟು ಹೋಗ್ತೀನಿ."

ದುರುಗವ್ವ ಹತ್ತಿರ ಬಂದು ಕೂತಳು. ಮೆಲ್ಲಗೆ ಕೇಳಿದಳು, "ಹುಚ್ಚೀ... ಅಲ್ಲಿ ನೀ ಏನ್ ಮಾಡ್ತಿ?"

"ಗೊತ್ತಿಲ್ಲ," ಅಂದಳು ಹುಲಿಗೆಮ್ಮ.

ಮುಂದೆ ಎಲ್ಲವೂ ಚೆನ್ನಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಖಡಕ್ ರೊಟ್ಟಿ ನಡೆಯಲಿಲ್ಲ. ಹುಲಿಗೆಮ್ಮ ಈಗ ಒಂದು ಹಾಸ್ಟೆಲ್ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಅಲ್ಲಿ ಅವಳ ಹೆಸರೂ ಯಾರಿಗೂ ಗೊತ್ತಿಲ್ಲ. ಮೊದಲ ಮಳೆಗಾಲದಲ್ಲಿ ಮಗಳಿಗೆ ಉಬ್ಬಸ ಬಂದು ಆಸ್ಪತ್ರೆಗೂ ಓಡಿದ್ದಾಯಿತು.

ಆದರೆ ಸಂಜೆ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಮಗಳ ಮಾತು ಶುರುವಾಗುತ್ತದೆ... ಹುಲಿಗೆಮ್ಮ ಹಿಟ್ಟಿನ ಕೈ ಕೂಡ ತೊಳೆಯದೆ, ಕೇಳುತ್ತಾ ಹೊಸ್ತಿಲ ಮೇಲೇ ಕೂತುಬಿಡುತ್ತಾಳೆ.

*ನಮ್ಮವರ ಒಳ್ಳೆಯ ಸ್ವಭಾವ ಅಂತ ನಾವು ಹೊಗಳುವುದು, ಎಷ್ಟೋ ಸಲ, ಅವರು ಬಾಯಿಬಿಟ್ಟು ಹೇಳದ ನೋವು.*

ನಿಮ್ಮ ಮನೆಯಲ್ಲೂ "ಪಾಪ, ಮಾತೇ ಆಡಲ್ಲ" ಅನ್ನಿಸಿಕೊಂಡವರು ಯಾರಾದರೂ ಇದ್ದಾರಾ...? ಯಾಕೆ ಆಡಲ್ಲ ಅಂತ ಒಂದು ಸಲವಾದರೂ ಕೇಳಿದ್ದೀರಾ?